ಗುಡ್ಡದಮ್ಮನ ಬಳ್ಳಿಗೆ ಹೂವಿಲ್ಲ

ಹೊಸೂರಿನ ನಮ್ಮ ಮನೆಯಲ್ಲಿ ಹಾಸಿಗೆಯ ಅಡಿಯಲ್ಲಿ ಗಿಡಗಳಿರುತ್ತಿದ್ದವು. ತಾತ ಎಲ್ಲಿಂದಲೋ ತಂದ ಗಿಡವನ್ನು ಹಳೆಯ ಪೇಪರಿನ ನಡುವೆ ಬೆರಳಲ್ಲಿ ಸವರಿ ಸವರಿ ಹರಡುತ್ತಿದ್ದ. ಎರಡು ಹಲಗೆಗಳ ನಡುವೆ ಅದನ್ನಿಟ್ಟು, ಮೇಲೆ ಕಲ್ಲು ಹೇರುತ್ತಿದ್ದ. ಹೇರಲು ಕಲ್ಲು ಸಾಲದಿದ್ದರೆ ಪೇಪರಿನ ಕಟ್ಟು ನಮ್ಮ ಹಾಸಿಗೆಯಡಿ ಬರುತ್ತಿತ್ತು. "ಅಲ್ಲಾಡ್ದಂಗೆ ಮನಿಕ್ಕಳ್ರಿ, ಎಲೆ ಮಡಿಚ್ಕಂಡ್ಬುಡ್ತದೆ" ಎಂದು ಗದರುವುದು ಬೇರೆ. ಅಜ್ಜಿ ಬದುಕಿರುವ ತನಕ ಬೈದಳು. ಆಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು.

ಈ ಹುಚ್ಚು ಹಿಡಿಸಿದವನು ಒಬ್ಬ ಬಿಳಿ ದೊರೆ. ಬ್ರಿಟಿಷರ ಕಾಲದಲ್ಲಿ ತಾತ ಕಂದಾಯ ಕಚೇರಿಯ ಗುಮಾಸ್ತ. ದೊರೆ ಕ್ಯಾಂಪಿಗೆ ಹೊರಟರೆ ಕಡತ ಹಿಡಿದು ಹಿಂದೆ ಹೋಗಬೇಕು. ಆ ದೊರೆಗೋ ಕಡತಕ್ಕಿಂತ ಕಳೆಯ ಮೇಲೆ ಕಣ್ಣು. ತಳಿ ಎಂಬ ಊರಿನ ದಾರಿಯಲ್ಲಿ ಯಾವುದೋ ಹುಲ್ಲು ಕಂಡರೆ ಕುದುರೆ ಇಳಿದು, ಮಂಡಿಯೂರಿ ಕೂತುಬಿಡುತ್ತಿದ್ದನಂತೆ. ಮೊದಮೊದಲು ಒಳಗೊಳಗೇ ನಗುತ್ತಿದ್ದ ತಾತ, ದಿನಾ ಒದ್ದೆ ಪೇಪರು ತೆಗೆದು ಒಣ ಪೇಪರು ಹಾಕುವ ಕೆಲಸ ತನ್ನ ತಲೆಗೆ ಬಿದ್ದ ಮೇಲೆ ತಾನೇ ಮಂಡಿಯೂರತೊಡಗಿದ. ಒಣಗಿದ ಗಿಡ ಅಂಟಿಸಿದ ಹಾಳೆಗಳು ಟಪಾಲಿನಲ್ಲಿ ಮದರಾಸಿನ ಪಂಡಿತರಿಗೆ ಹೋಗುತ್ತಿದ್ದವು, ತಿಂಗಳುಗಟ್ಟಲೆ ಕಾದ ಮೇಲೆ ಹೆಸರುಗಳು ಬರುತ್ತಿದ್ದವು. ಗಿಡದ ಒಂದು ತುಂಡು ಮದರಾಸಿಗೆ ಹೋದರೆ ಇನ್ನೊಂದು ತಾತನ ಬಳಿ ಉಳಿಯುತ್ತಿತ್ತು. ದೊರೆ ತನ್ನ ಸೀಮೆಗೆ ವಾಪಸು ಹೊರಟಾಗ ಹಲಗೆಗಳನ್ನೂ ತಾತನಿಗೇ ಬಿಟ್ಟುಹೋದ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕೃಷ್ಣಗಿರಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರಕ್ಕೆ ಸೇರಿದೆ. ಮನೆಯಲ್ಲಿ ಯಾರಿಗೂ ಇಷ್ಟವಿರಲಿಲ್ಲ, ತಾತನೊಬ್ಬ ಹಠ ಹಿಡಿದು ಸೇರಿಸಿದ. ಆಗ ಅವನಿಗೆ ಎಂಬತ್ತರ ಹತ್ತಿರ, ಎರಡೂ ಕಣ್ಣಿಗೆ ಪೊರೆ. ಶನಿವಾರ ಬಸ್ಸಿಳಿದು ಮನೆಗೆ ಬಂದರೆ ಸಾಕು, ಹಾಳೆಗಳ ಕಟ್ಟು ಬಿಚ್ಚಿ ಕೂರುತ್ತಿದ್ದ. ಎಲ್ಲ ಹಾಳೆಗೂ ಹೆಸರಿತ್ತು, ಒಂದನ್ನು ಬಿಟ್ಟು. ಅದರಲ್ಲಿ ಬರೀ ಬಳ್ಳಿ, ಬರೀ ಎಲೆ. ಮೂಲೆಯಲ್ಲಿ ದೊರೆಯ ಕೈಬರಹದಲ್ಲಿ ಇಂಗ್ಲಿಷಿನ ಒಂದು ಸಾಲಿತ್ತು: ಈ ಬಳ್ಳಿ ಹೂ ಬಿಡುವುದಿಲ್ಲವೆಂದು ಗುಮಾಸ್ತರು ಹೇಳುತ್ತಾರೆ.

"ಹೂ ಬಿಡದ ಬಳ್ಳಿ ಎಲ್ಲಾದ್ರೂ ಉಂಟಾ ತಾತ? ನಿನ್ನ ದೊರೆಗೆ ಅಷ್ಟೂ ತಿಳೀಲಿಲ್ವಾ?" ಎಂದು ನಾನು ನಕ್ಕೆ. ಹೊಸದಾಗಿ ಓದಿದವಳ ಕೊಬ್ಬು.

ತಾತ ನಗಲಿಲ್ಲ. "ಅವ್ನಿಗೆ ತಿಳೀದೇ ಏನು. ನನ್ ಮಾತು ನಂಬ್ದ. ನಾನು ಸುಳ್ಳು ಹೇಳ್ದೆ ಕಣಮ್ಮಿ" ಎಂದ.

ಬಳ್ಳಿ ಇದ್ದದ್ದು ಜವಳಗಿರಿಯ ಕಾಡಂಚಿನಲ್ಲಿ, ನಮ್ಮ ಮನೆದೇವರಾದ ಗುಡ್ಡದಮ್ಮನ ಬಂಡೆಯ ಮೇಲೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೂ ಬಿಡುತ್ತದೆ. ಆ ಹೂವು ಅಮ್ಮನದು, ಪೂಜಾರಿ ಬಿಟ್ಟು ಬೇರೆ ಯಾರೂ ಕೀಳುವಂತಿಲ್ಲ, ಮೂಸುವಂತೆಯೂ ಇಲ್ಲ. ಎಲೆಗೆ ಅಂಥ ಕಟ್ಟಳೆ ಇರಲಿಲ್ಲವಾದ್ದರಿಂದ ತಾತ ಎಲೆ ತಂದುಕೊಟ್ಟಿದ್ದ. ಮದರಾಸಿನಿಂದ ಹೂವು ಕಳಿಸಿ ಎಂದು ಕಾಗದ ಬಂದಾಗ, ದೊರೆ ತಾನೇ ಹೋಗಿ ಕಿತ್ತಾನು ಎಂದು ಹೆದರಿ ಹೂವೇ ಇಲ್ಲ ಎಂದುಬಿಟ್ಟಿದ್ದ. ಆಮೇಲೆ ನಲವತ್ತು ವರ್ಷ ಆ ಹೆಸರಿಲ್ಲದ ಹಾಳೆ ಅವನನ್ನು ಬಿಡಲಿಲ್ಲ. "ಕಣ್ಣು ಪೂರ್ತಿ ಹೋಗಕ್ ಮುಂಚೆ ಅದ್ರ ಹೆಸ್ರು ಒಂದು ನನ್ ಕೈಯಾಗೆ ಬರೀಬೇಕು" ಎಂದ.

ಹೂವಿಲ್ಲದೆ ನನ್ನ ಪುಸ್ತಕವೂ ಬಾಯಿ ಬಿಡುತ್ತಿರಲಿಲ್ಲ. ಗಿಡ ಗುರುತಿಸುವ ಪುಸ್ತಕದಲ್ಲಿ ಮೊದಲ ಪ್ರಶ್ನೆಯಿಂದ ಕೊನೆಯ ಪ್ರಶ್ನೆಯವರೆಗೂ ಹೂವಿನದೇ ವಿಚಾರಣೆ. ಆ ವರ್ಷ ಮಳೆ ನಿಂತ ಮೇಲೆ ಇಬ್ಬರೂ ತಳಿಯ ಬಸ್ಸು ಹತ್ತಿದೆವು, ಅಲ್ಲಿಂದ ಜೀಪಿನಲ್ಲಿ ಜವಳಗಿರಿಗೆ. ಆನೆ ಓಡಾಡುವ ಜಾಗ, ಮೂರು ಗಂಟೆಗೆಲ್ಲ ಹಿಂದಿರುಗಬೇಕು ಎಂದು ಜೀಪಿನವನು ತಮಿಳಿನಲ್ಲಿ ಎರಡೆರಡು ಸಲ ಹೇಳಿದ. ಗುಡ್ಡ ಹತ್ತುವಾಗ ತಾತ ನನ್ನ ಹೆಗಲ ಮೇಲೆ ಕೈಯಿಟ್ಟಿದ್ದ. "ಮುಟ್ಟಕ್ಕಿಲ್ಲ ಅಂತ ಮಾತು ಕೊಡು" ಎಂದ, ಕೊಟ್ಟೆ. ಹೂವಿನ ಮುಂದೆಯೇ ಕೂತು ನೋಡಿ ಚಿತ್ರ ಬರೆದುಕೊಳ್ಳುವುದೆಂದು ನಮ್ಮ ಲೆಕ್ಕ.

ಬಂಡೆಯ ಮೇಲೆ ಬಳ್ಳಿ ಹೂ ಬಿಟ್ಟಿತ್ತು. ಹಸಿರು ಮೈಯ, ಬೆರಳುದ್ದದ ಪುಟ್ಟ ಲಾಟೀನುಗಳು. ಬುಡ ಉಬ್ಬಿದ ಕೊಳವೆ, ತುದಿಯಲ್ಲಿ ಐದು ದಳ ಸೇರಿ ಪಂಜರ. ನೋಡಿದೊಡನೆ ಗುರುತು ಸಿಕ್ಕಿತು. ಇದು ಸಿರೊಪೀಜಿಯ ಎಂಬ ಕುಲದ್ದು, ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಬರೆದಿದ್ದರು. ಆದರೆ ಅದರಲ್ಲಿ ಇದು ಯಾವುದು? ಅದು ತಿಳಿಯಲು ಕೊಳವೆ ಸೀಳಿ ಒಳಗೆ ಮಸೂರದಲ್ಲಿ ನೋಡಬೇಕು, ಹೊರಗಿನ ಚಿತ್ರ ಸಾಲದು. ತಾತ ಆಚೆ ಕಡೆ ಪೂಜಾರಿಯ ಜೊತೆ ಮಾತಾಡುತ್ತಿದ್ದ. ನಾನು ಒಂದು ಹೂ ಕಿತ್ತು ಕರವಸ್ತ್ರದಲ್ಲಿ ಸುತ್ತಿ ಚೀಲದೊಳಗೆ ಹಾಕಿದೆ. ನಾಲ್ಕು ಜನಕ್ಕೆ ಗೊತ್ತಿರುವ ಮೂಢನಂಬಿಕೆಗಾಗಿ ಮುದುಕನ ಆಸೆ ಯಾಕೆ ಸಾಯಬೇಕು ಎಂದು ನನ್ನ ನ್ಯಾಯ.

ಪೂಜೆಯಾಯಿತು. ಪೂಜಾರಿ ಅಮ್ಮನ ತಲೆಯಿಂದ ಒಂದು ಹೂವು ತೆಗೆದು, "ತಗಳಿ ಯಜಮಾನ್ರೇ, ಬೊ ದಿನ ಆಗಿತ್ತು ನೀವು ಬಂದು" ಎಂದು ತಾತನ ಕೈಗಿಟ್ಟ. ತಾತ ಕಣ್ಣಿಗೊತ್ತಿಕೊಂಡು ಕಿವಿಯ ಮೇಲೆ ಇಟ್ಟುಕೊಂಡ. ಅಮ್ಮನ ಪ್ರಸಾದದ ಹೂವನ್ನು ಅಂದೇ ಮನೆಯ ಬಾವಿಗೆ ಬಿಡುವುದು ನಮ್ಮ ಪದ್ಧತಿ, ಇಟ್ಟುಕೊಳ್ಳುವಂತಿಲ್ಲ.

ತಳಿಯಿಂದ ಮತ್ತೆ ಬಸ್ಸು ಹಿಡಿದೆವು. ಹೊಸೂರು ಹತ್ತಿರವಾದಾಗ ತಾತ ಕಿವಿಯ ಮೇಲಿನ ಹೂವು ತೆಗೆದು ನನ್ನ ಅಂಗೈಗಿಟ್ಟ. "ಇದು ಕಿತ್ತಿದ್ದಲ್ಲ, ಅಮ್ಮ ಕೊಟ್ಟಿದ್ದು. ಬಾವಿಗೆ ಬಿಡ್ದೆ ಇಟ್ಕಂಡಿದ್ದು ಒಂದು ತಪ್ಪಾಯ್ತದೆ, ನನ್ ತಲೆ ಮ್ಯಾಲಿರ್ಲಿ. ನೋಡಿ ಹೇಳು" ಎಂದ. ನಲವತ್ತು ವರ್ಷದಲ್ಲಿ ಹೊಳೆಯದ ದಾರಿ ಅವನಿಗೆ ಆಗ ಹೊಳೆದಿತ್ತು. ನನ್ನ ತೊಡೆಯ ಮೇಲಿನ ಚೀಲದಲ್ಲಿ ಆ ಇನ್ನೊಂದು ಹೂವಿತ್ತು.

ಮನೆಗೆ ಬಂದು ಪ್ರಸಾದದ ಹೂವನ್ನೇ ಮೊದಲು ಬಿಡಿಸಿದೆ. ಪ್ರಾಮಾಣಿಕವಾಗಿ ಪ್ರಯತ್ನಪಟ್ಟೆ. ಅದು ಅಪ್ಪಚ್ಚಿಯಾಗಿ, ಒಳಗೆಲ್ಲ ಕುಂಕುಮ ಸೇರಿ ಏನೂ ಕಾಣಲಿಲ್ಲ. ಹಿತ್ತಲ ಬಾಗಿಲ ಬಳಿ ಕೂತು ಕದ್ದ ಹೂವನ್ನು ಸೀಳಿದೆ. ಅರ್ಧ ಗಂಟೆಯಲ್ಲಿ ಹೆಸರು ಸಿಕ್ಕಿತು. ಸೀಳಿದ ಚೂರುಗಳನ್ನು ಬಾವಿಗೆ ಹಾಕಿ ಬಂದೆ.

ತಾತ ಮೂಗಿನ ತುದಿ ಹಾಳೆಗೆ ತಾಗುವಷ್ಟು ಬಗ್ಗಿ, ಒಂದೊಂದೇ ಅಕ್ಷರ ಕೇಳಿ ಕೇಳಿ ಬರೆದ. ಕುಂಕುಮದ ಹೂವನ್ನು ಅಂಟಿಸಿದ. ಅವನ ಮುಖ ಅಷ್ಟು ಹಗುರವಾದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನನಗೂ ಹಿಗ್ಗು, ಹೇಳಿಬಿಡೋಣ, ಈಗ ಬೈದರೂ ನಗುತ್ತಾನೆ ಎಂದುಕೊಂಡೆ. ಅಷ್ಟರಲ್ಲಿ ಅವನೇ ಕೇಳಿದ.

"ಪುಸ್ತಕದಾಗೆ ಹೆಸ್ರೈತೆ ಅಂದ್ರೆ ನಮಗಿಂತ ಮುಂಚೆ ಯಾರೋ ಈ ಹೂವ ಕಿತ್ತವ್ನೆ, ಅಲ್ವಾ?"

"ಕಿತ್ತಿರಲೇಬೇಕು ತಾತ. ಇನ್ನೆಲ್ಲೋ, ಯಾವನೋ ದೊರೆ."

"ಹೋಗ್ಲಿ ಬುಡು. ಅವ್ನಿಗೆ ಗೊತ್ತಿರ್ಲಿಲ್ಲ, ಅಮ್ಮ ಅವ್ನನ್ನ ಏನೂ ಅನ್ನಕ್ಕಿಲ್ಲ. ಗೊತ್ತಿದ್ದೂ ಕಿತ್ತೋರ್ನ ಮಾತ್ರ ಅಮ್ಮ ಒಪ್ಪಕ್ಕಿಲ್ಲ ಕಣಮ್ಮಿ" ಎಂದು ನನ್ನ ತಲೆ ಸವರಿದ.

ನಾನು ಆ ಕೈಯಡಿಯಲ್ಲಿ ತಲೆ ಎತ್ತದೆ ಕೂತಿದ್ದೆ.