ಕ್ಲೌಡಿಗೆ ಕುಂಕುಮ ಏರಿಸಿದ ದಿನ

ಚಿಕ್ಕೋಡಿಯ ಒಂದು ಸಣ್ಣ ಕಂಪನಿಯಲ್ಲಿ ನಾನು ಸಾಫ್ಟ್‌ವೇರ್ ಮಾರುತ್ತಿದ್ದೆ. ಹಳ್ಳಿಹಳ್ಳಿಗೂ ಇಂಟರ್ನೆಟ್ ಬರುತ್ತಿದ್ದ ವರ್ಷಗಳು ಅವು. ಕೊಲ್ಲಾಪುರದ ಕಡೆಯ ಒಂದು ಕಂಪನಿ 'ಕ್ಲೌಡ್, ಕ್ಲೌಡ್, ಲೆಕ್ಕ ಎಲ್ಲಾ ಇಂಟರ್ನೆಟ್ಟಿನ್ಯಾಗ, ಯಾವತ್ತೂ ಬಂದ್ ಆಗೂದಿಲ್ಲ' ಎನ್ನುತ್ತ ನಮ್ಮ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಸೆಳೆಯತೊಡಗಿತು. ನಮ್ಮ ಮಾಲೀಕರು ಸುಮ್ಮನಿರುತ್ತಾರೆಯೇ? ನಮ್ಮ ಕರಪತ್ರದ ಮೇಲೂ 'ಅಪ್ಪಟ ಕ್ಲೌಡ್' ಎಂದು ಅಚ್ಚು ಹಾಕಿಸಿದರು. ಸಾಫ್ಟ್‌ವೇರ್ ಮಾತ್ರ ಎಳ್ಳಷ್ಟೂ ಬದಲಾಗಲಿಲ್ಲ. ಅದು ಇದ್ದದ್ದು ನಮ್ಮ ಆಫೀಸಿನ ಹಿಂದಿನ ಕೋಣೆಯ ಒಂದೇ ಒಂದು ಕಂಪ್ಯೂಟರಿನಲ್ಲಿ.

"ಸರ್, ಇದಕ್ಕ ಕ್ಲೌಡ್ ಅಂತಾರೇನ್ರಿ?" ಎಂದು ಒಮ್ಮೆ ಕೇಳಿದ್ದೆ.

"ಗಿರಾಕಿಗೆ ಕಾಣೂದಿಲ್ಲಲ್ಲ, ಸಾಕು" ಅಂದರು. ನಾನೂ ಬಾಯಿ ಮುಚ್ಚಿಕೊಂಡೆ. ಆ ಕೊಲ್ಲಾಪುರದವರ ಸೊಕ್ಕು ಮುರಿಯಬೇಕೆಂಬ ಹಟ ನನಗೂ ಇತ್ತು.

ಶೇಡಬಾಳದ ಒಂದು ಹಾಲಿನ ಡೇರಿಯಲ್ಲಿ ನನಗೂ ಕೊಲ್ಲಾಪುರದ ಕಂಪನಿಯ ಸೇಲ್ಸ್‌ಮನ್‌ಗೂ ಪೈಪೋಟಿ ಬಿತ್ತು. ಅಲ್ಲಿನ ಮ್ಯಾನೇಜರ್ ಐವತ್ತು ದಾಟಿದ ಹೆಂಗಸು, ಕಡಕ್ ಮನುಷ್ಯಳು. ಎರಡೂ ಕರಪತ್ರ ಮುಂದಿಟ್ಟುಕೊಂಡು ಒಂದೇ ಮಾತು ಕೇಳಿದರು: "ನಿಮ್ಮ ಆಫೀಸ್ ಬಂದ್ ಇದ್ರೂ ನಮ್ಮ ಕೆಲಸ ನಡೀತೈತೇನು?"

"ನಡೀತೈತ್ರಿ ಅಕ್ಕಾರ. ಅದು ಎಲ್ಲೋ ಮ್ಯಾಲ ಇರತೈತಿ" ಎಂದು ಮಾಳಿಗೆಯತ್ತ ಕೈ ತೋರಿಸಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆರ್ಡರ್ ನಮಗೇ ಸಿಕ್ಕಿತು.

ಖಂಡೇಪೂಜೆ, ಅಂದರೆ ಆಯುಧಪೂಜೆಯ ಬೆಳಿಗ್ಗೆ ಡೇರಿಯವರು ನಮ್ಮಿಬ್ಬರನ್ನೂ ಪೂಜೆಗೆ ಕರೆದಿದ್ದರು. ಹಾಲಿಗೆ ಹಬ್ಬದ ರಜೆ ಇಲ್ಲ. ಕ್ಯಾನುಗಳು ತುಂಬಿದ ಟೆಂಪೊ ಹೊರಡಲು ನಿಂತಿತ್ತು. ಹಾಲಿನ ಪರೀಕ್ಷೆಯ ಚೀಟಿ ಇಲ್ಲದೆ ಮಿರಜದ ದೊಡ್ಡ ಡೇರಿಯವರು ಒಂದು ಕ್ಯಾನನ್ನೂ ಇಳಿಸಿಕೊಳ್ಳುವುದಿಲ್ಲ. ಆ ಚೀಟಿ ನಮ್ಮ ಸಾಫ್ಟ್‌ವೇರಿನಿಂದ ಬರಬೇಕಿತ್ತು, ಬರಲೇ ಇಲ್ಲ. ಡೇರಿಯ ಕಂಪ್ಯೂಟರಿನ ಪರದೆಯ ಮೇಲೆ ಏನೂ ತೆರೆಯುತ್ತಿರಲಿಲ್ಲ. ಕೊಲ್ಲಾಪುರದವನು ಒಮ್ಮೆ ಪರದೆ ನೋಡಿದ, ಒಮ್ಮೆ ನನ್ನನ್ನು ನೋಡಿದ. ಅವನು ನಕ್ಕಿದ್ದರೆ ವಾಸಿಯಿತ್ತು.

ಹೊರಗೆ ಓಡಿ ಮಾಲೀಕರಿಗೆ ಫೋನ್ ಹಚ್ಚಿದೆ.

"ಪೂಜಾ ಆಗೇತಿ. ಕಂಪ್ಯೂಟರ್ ಬಂದ್ ಮಾಡಿ ಕುಂಕುಮ, ಹೂವು ಏರಿಸೇವಿ. ನಾಳೆ ತನಕ ಮುಟ್ಟಂಗಿಲ್ಲ."

"ಸರ್, ಹಾಲು ಬಿಸಲಾಗ ನಿಂತೈತ್ರಿ. ಒಂದ ಚೀಟಿ, ಕೈ ಮುಗೀತೀನಿ."

"ಪೂಜಾ ಮಾಡಿದ ಆಯುಧಾ ಅವತ್ತ ಯಾರರ ಮುಟ್ಟತಾರೇನಲೇ?" ಫೋನ್ ಇಟ್ಟುಬಿಟ್ಟರು.

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ನಮ್ಮ ಮನೆಯಲ್ಲೂ ಆ ದಿನ ಕುಡಗೋಲು ಮುಟ್ಟುವುದಿಲ್ಲ. ಅವರಿಗೆ ಏನೆಂದು ಬೈಯಲಿ?

ಬೆಳಿಗ್ಗೆ ಪರೀಕ್ಷಿಸಿದ ಅಂಕಿಗಳೆಲ್ಲ ಆ ಕಂಪ್ಯೂಟರಿನಲ್ಲೇ ಉಳಿದಿದ್ದರಿಂದ ಪ್ರತಿ ಕ್ಯಾನಿನ ಹಾಲನ್ನೂ ಮತ್ತೆ ಪರೀಕ್ಷಿಸಿ ಚೀಟಿಯನ್ನು ಕೈಯಲ್ಲಿ ಬರೆಯಬೇಕಾಯಿತು. ಕೊಲ್ಲಾಪುರದವನೂ ಅಂಗಿಯ ತೋಳು ಮಡಚಿ ಕ್ಯಾನ್ ಎತ್ತಿಕೊಟ್ಟ. ಟೆಂಪೊ ಹೊರಟಾಗ ಬಿಸಿಲು ಏರಿತ್ತು. ಮಧ್ಯಾಹ್ನ ಅರ್ಧದಷ್ಟು ಕ್ಯಾನುಗಳು ಹಾಲು ಹುಳಿಯಾಗಿ ಮಿರಜದಿಂದ ತಿರುಗಿ ಬಂದವು.

ಆ ಹಾಲನ್ನು ನಾನೇ ಚೆಲ್ಲುತ್ತಿದ್ದೆ. ಮ್ಯಾನೇಜರ್ ಬಂದು ಪಕ್ಕದಲ್ಲಿ ನಿಂತರು.

"ತಮ್ಮಾ, ಅದು ನಿಮ್ಮ ಆಫೀಸಿನ್ಯಾಗ ಇರೂದು ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ."

"ಅವತ್ತ ಖರೇ ಹೇಳಿದ್ರೂ ನಿಮ್ದ ತಗೋತಿದ್ದೆ. ಇನ್ನೊಂದು ಕಂಪ್ಯೂಟರ್ ನಮ್ಮಲ್ಲಿ ಇಡ್ರಿ ಅಂತಿದ್ದೆ, ಅಷ್ಟ."

ಹಾಗೆಂದು ಕೊಲ್ಲಾಪುರದವನನ್ನು ಒಳಗೆ ಕರೆದರು. ನನಗೆ ಚೆಲ್ಲಲು ಇನ್ನೂ ನಾಲ್ಕು ಕ್ಯಾನು ಉಳಿದಿದ್ದವು.