ಮಾವನೆದುರು ಮೂಕಿಯಾದ ಸೊಸೆ

ನ್ಯೂಜರ್ಸಿಯ ಈಸ್ಟ್ ಬ್ರನ್ಸ್‌ವಿಕ್‌ನ ಹೆರಿಗೆ ಡಾಕ್ಟರ ಕ್ಲಿನಿಕ್ಕಿನಲ್ಲಿ ನಾವು ನಾಲ್ವರು ಕಾಯುತ್ತಿದ್ದೆವು: ಬಸುರಿ ನಾನು, ಇಸವಿ ಎರಡು ಸಾವಿರಕ್ಕೆ ಕಂಪ್ಯೂಟರು ಸಜ್ಜುಮಾಡುವ ವೈಟೂಕೆ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿದ್ದ ನನ್ನ ಗಂಡ, ರೋಮಾ ಎಂಬ ಅಲೆಮಾರಿ ಜನಾಂಗದ ಒಬ್ಬ ಸೊಸೆ ಮತ್ತು ಅವಳ ಮಾವ. ಕೌಂಟರಿನಾಕೆ ಆ ಮಾವನೆದುರೇ ಅವಳನ್ನು, "ಕೊನೇ ಸಲ ಮುಟ್ಟಾಗಿದ್ದು ಯಾವಾಗ? ಮಕ್ಕಳಾಗದಿರೋಕೆ ಏನು ತಗೋತೀಯ?" ಎಂದು ಬೀದಿಗೆ ಕೇಳುವಂತೆ ಕೇಳಿದಳು. ಹುಡುಗಿ ನೆಲ ನೋಡಿದಳು. ಇವಳಿಗೆ ಇಂಗ್ಲಿಷ್ ಬಾರದೆಂದು ತೀರ್ಮಾನಿಸಿದ ಆ ಜಾಣೆ ನನ್ನತ್ತ ತಿರುಗಿ, "ಇವರೂ ಇಂಡಿಯಾದವರಂತಲ್ಲ, ನೀವೇ ಕೇಳಿ ಹೇಳಿ" ಎಂದಳು. ಸಾವಿರ ವರ್ಷದ ಹಿಂದೆ ಇಂಡಿಯಾ ಬಿಟ್ಟು ಹೊರಟುಹೋದವರನ್ನು ನಾನು ಮೈಸೂರು ಕನ್ನಡದಲ್ಲಿ ವಿಚಾರಿಸಬೇಕಂತೆ!

ನನ್ನ ಮಾವನವರೆದುರು ಕೇಳಿದ್ದರೆ ನಾನೂ ಮೂಕಿಯೇ. ಹಾಗಾಗಿ ಗಂಡನಿಗೆ, "ರೀ, ಆ ಯಜಮಾನರನ್ನ ಕಾಫಿಗೆ ಕರ್ಕೊಂಡು ಹೋಗಿ" ಎಂದೆ.

"ನಾನೇನೇ ಮಾತಾಡ್ಲಿ?"

"ಹೊರಗೆ ನಿಲ್ಲಿಸಿರೋ ಅವರ ವ್ಯಾನು ಎಷ್ಟು ಮೈಲೇಜ್ ಕೊಡುತ್ತೆ ಕೇಳಿ. ಗಂಡಸರಿಗೆ ಅಷ್ಟು ಸಾಕು."

ಅವರು ಆಚೆ ಹೋದದ್ದೇ ತಡ, ಸೊಸೆ ಬಾಯಿಬಿಟ್ಟಳು. ನನ್ನದಕ್ಕಿಂತ ಚೆಂದದ ಜರ್ಸಿ ಇಂಗ್ಲಿಷು! ಮೂರು ಮಕ್ಕಳಿವೆ, ನಾಲ್ಕನೆಯದು ಬೇಡ, ಹೋದ ಸಲವೂ ಹೀಗೇ ಮಾವನೆದುರು ಕೇಳಿದ್ದಕ್ಕೆ ಬರಿಗೈಯಲ್ಲಿ ವಾಪಸ್ಸು ಹೋದೆ ಎಂದಳು. ಅಂದು ಅವಳಿಗೆ ಬೇಕಾದ ಮಾತ್ರೆ ಸಿಕ್ಕಿತು.

ಮುಂದಿನ ತಿಂಗಳು ನಾನು ತಪಾಸಣೆಗೆ ಹೋದಾಗ ಅವಳು ಮಾತ್ರೆಗೆಂದು ಇಬ್ಬರು ನಾದಿನಿಯರನ್ನೂ, ಕಾಫಿಗೆಂದು ಮಾವನನ್ನೂ ಕರೆತಂದಿದ್ದಳು.