ಬೀಳಗಿಯ ನೀರಿಗೆ ಹೊಂದಿದ ಚಹಾ

ಸೋದರತ್ತೆಯ ಬಲಗೈ ಹೆಬ್ಬೆರಳ ತುದಿ ಎಷ್ಟು ತೊಳೆದರೂ ಕಂದಾಗಿಯೇ ಇರುತ್ತಿತ್ತು. ಚಹಾಪುಡಿಯ ಚೀಲ ಬಿಚ್ಚಿದೊಡನೆ ಚಿಟಿಕೆ ಪುಡಿಯನ್ನು ಅಂಗೈಯಲ್ಲಿ ತಿಕ್ಕಿ ಮೂಸುತ್ತಿದ್ದಳು. ಸೇರದಿದ್ದರೆ ವ್ಯಾಪಾರಿಯ ಎದುರಿಗೇ ಸೀನುತ್ತಿದ್ದಳು. ಅದು ನಿಜವಾದ ಸೀನೋ ಅಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ.

ಬನಹಟ್ಟಿಯ ಮನೆಯಲ್ಲಿ ಮಗ್ಗ ನಿಂತ ಮೇಲೆ ಮಗ್ಗದ ಕೋಣೆಯಲ್ಲೇ ದಪ್ಪ ಕಾಳಿನ ಚಹಾಕ್ಕೆ ಸಣ್ಣ ಪುಡಿ ಬೆರೆಸಿ ಪೊಟ್ಟಣ ಕಟ್ಟತೊಡಗಿದಳು. ಮಗ್ಗದ ಲಾಳಿಯ ನೆನಪಿಗೆ ಹೆಸರು ‘ಲಾಳಿ ಚಹಾ’. ನೇಕಾರರು ಮೆಚ್ಚಿದರು, ಜಮಖಂಡಿ, ಮುಧೋಳದ ಹೋಟೆಲ್ಲುಗಳೂ ಒಪ್ಪಿದವು. ಆಗ ಅವಳು ಉಳಿದಿದ್ದ ಎರಡು ಮಗ್ಗಗಳನ್ನೂ ಮಾರಿ ಬೀಳಗಿಗೆಂದೇ ಸರಕು ತರಿಸಿದಳು. ಅದು ಮಾರಾಟವಾಗದಿದ್ದರೆ ಲಾಳಿ ಚಹಾ ಅಲ್ಲಿಗೇ ಮುಗಿಯುತ್ತಿತ್ತು.

ಅದನ್ನು ಕೊಂಡ ಬೀಳಗಿಯ ದೊಡ್ಡ ಹೋಟೆಲ್ಲಿನ ಮಾಲೀಕ ಚಹಾ ಸಪ್ಪೆಯೆಂದು ಪೊಟ್ಟಣಗಳನ್ನೆಲ್ಲ ವಾಪಸ್ ಕಳಿಸಿದ. ನಾನು ಧಾರವಾಡದಲ್ಲಿ ಎಂ.ಕಾಂ. ಓದುತ್ತಿದ್ದೆ, ರಜೆಗೆ ಬಂದಿದ್ದೆ.

“ಬೀಳಗಿ ಬಿಟ್ಟಬಿಡು ಅತ್ತಿ. ಅವರಿಗೆ ರುಚಿ ಗೊತ್ತಿಲ್ಲ,” ಅಂದೆ.

“ಹಂಗ ಅನಬ್ಯಾಡ ಬೇ. ನಾ ಬೆರಸಿದ್ದು ಬನಹಟ್ಟಿ ನೀರಾಗ ನೋಡಿ. ಅವರು ಕುದಸೂದು ಬೀಳಗಿ ನೀರಾಗ. ತಪ್ಪು ನಂದ.”

ಮರುದಿನ ನನ್ನನ್ನೂ ಎಳೆದುಕೊಂಡು ಹೋಗಿ, ಅದೇ ಹೋಟೆಲ್ಲಿನ ಬೋರ್‌ವೆಲ್ ನೀರನ್ನು ಎರಡು ಕ್ಯಾನು ತುಂಬಿಸಿಕೊಂಡಳು. ಬಸ್ಸಿನಲ್ಲಿ ಕಂಡಕ್ಟರ್ ನಕ್ಕ. “ಏನ್ರಿ ಅಕ್ಕಾರ, ನಿಮ್ಮೂರಾಗ ನೀರಿಲ್ಲೇನ್ರಿ?”

“ನೀರೈತಿ. ಬುದ್ಧಿ ತರಾಕ ಬಂದಿದ್ದೆ.”

ಬಸ್ಸೆಲ್ಲ ನಕ್ಕಿತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತೆ.

ಆ ಗಡಸು ನೀರಿನಲ್ಲಿ ನಮ್ಮ ಚಹಾ ಸಪ್ಪೆಯಾಗಿ, ಮೇಲೆ ಪೊರೆ ಕಟ್ಟುತ್ತಿತ್ತು. ಅವಳು ಸಣ್ಣ ಪುಡಿ ಹೆಚ್ಚಿಸುತ್ತ ಹೋದಳು; ನಾನು ಪ್ರಮಾಣ ಬರೆದುಕೊಂಡೆ. ಐದು ದಿನ ರುಚಿ ನೋಡಿ ನೋಡಿ ಉಗುಳಿದಳು. ಆರನೆಯ ದಿನ ಕಪ್ ಪೂರ್ತಿ ಕುಡಿದು, ಸರಕನ್ನೆಲ್ಲ ಅದೇ ಪ್ರಮಾಣದಲ್ಲಿ ಬೆರೆಸಿ, ಬೀಳಗಿಗೆ ಹೊರಡಲು ಸೀರೆ ಬದಲಿಸಿದಳು.

“ಮತ್ತ ಬಂದ್ರಿ?” ಅಂದ ಹೋಟೆಲ್ ಮಾಲೀಕ.

“ನಿನ್ನ ನೀರಿಗೆ ತಕ್ಕ ಚಹಾ ತಂದೀನಿ. ನೀನ ಕುದಸು.”

ಕುದಿಸಿದ. ತಾನು ಕುಡಿಯದೆ, ಮೂಲೆಯ ಬೆಂಚಿನ ಮೇಲೆ ದಿನವೂ ಕೂಡುವ ಮುದುಕನಿಗೆ ಕೊಟ್ಟ. ಮುದುಕ ಕಪ್ಪಿನ ಕೆಳಗಿನ ಬಸಿಗೆ ಸುರಿದು ಸುರ್ರೆಂದು ಎಳೆದ.

“ಯಾರ್ ಮಾಡ್ಯಾರಲೇ ಇದನ್ನ? ನಿನ್ನ ಕೈ ಅಲ್ಲ ಬಿಡು!”

ಹೋಟೆಲ್ ಮಾಲೀಕ ತಲೆ ಕೆರೆದುಕೊಂಡ. “ಅಕ್ಕಾರ, ಚೀಲ ಇಳಸ್ರಿ. ಪೂರಾ.”

ಅತ್ತೆ ಅಂದು ದಾರಿಯುದ್ದಕ್ಕೂ ಹಾಡಿಕೊಂಡೇ ಬಂದಳು. ಮುಂದೆ ಊರಿಗೊಂದು ಬೆರಕೆ ಮಾಡಿದಳು. ಅವಳು ತೀರಿಕೊಂಡಾಗ ಬೀಳಗಿಯ ಹೋಟೆಲ್ಲುಗಳಲ್ಲೆಲ್ಲ ಕುದಿಯುತ್ತಿದ್ದುದು ಲಾಳಿ ಚಹಾ. ಈಗ ಆ ಕೋಣೆ ನನ್ನದು. ಸಾವಳಗಿಯವರು ಚಹಾ ಕೇಳಿದಾಗ, ಒಂದು ಪೊಟ್ಟಣವನ್ನೂ ಕಟ್ಟುವ ಮೊದಲು, ಅಲ್ಲಿಯ ನೀರು ತರಲು ನಾನೇ ಬಸ್ಸು ಹತ್ತಿದೆ.